‘ಶೀಲ ಶಂಕಿಸಿ ಪತ್ನಿ ಕೊಲೆ’: ಇದು ಯಾರ ಮಾತು?

ಕರಡಚ್ಚು

ಮೂವತ್ತೊಂದು ವರ್ಷ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದಿ ಶೀರ್ಷಿಕೆ ಕೊಡುವ ಕಡೆ, ದುಡಿದವಳು ನಾನು. ನಿವೃತ್ತಳಾಗಿ ನಾಲ್ಕು ವರ್ಷವಾದರೂ ಬೆಳಿಗ್ಗೆ ಪತ್ರಿಕೆ ಬಿಡಿಸಿದ ಕೂಡಲೇ ಕೈ ಕೆಂಪು ಪೆನ್ನಿಗಾಗಿ ತಡಕಾಡುತ್ತದೆ. ಮೊನ್ನೆ ಜಿಲ್ಲಾ ಪುಟದ ಕೆಳಮೂಲೆಯಲ್ಲಿ ಒಂದು ಏಕಕಾಲಂ ಸುದ್ದಿಯಿತ್ತು. ಶೀರ್ಷಿಕೆ ‘ಶೀಲ ಶಂಕಿಸಿ ಪತ್ನಿ ಕೊಲೆ’. ಕೆಳಗೆ ಐದೇ ವಾಕ್ಯ. ಊರು, ಹೆಂಡತಿಯ ಹೆಸರು, ವಯಸ್ಸು, ಮಚ್ಚು, ಠಾಣೆ. ಇವುಗಳ ನಡುವೆ ಹೀಗೊಂದು ಸಾಲು: ‘ಪತ್ನಿಗೆ ಪರಪುರುಷನೊಂದಿಗೆ ಸಂಬಂಧವಿದೆ ಎಂಬ ಅನುಮಾನದಿಂದ ದಂಪತಿ ಮಧ್ಯೆ ಆಗಾಗ ಜಗಳವಾಗುತ್ತಿತ್ತು ಎನ್ನಲಾಗಿದೆ.’

ಓದಿ ಪುಟ ತಿರುವಿದೆ. ಮತ್ತೆ ಹಿಂದಕ್ಕೆ ಬಂದೆ. ‘ಎನ್ನಲಾಗಿದೆ’ ಎಂದರೆ ಯಾರು ಅಂದದ್ದು? ಆ ರಾತ್ರಿ ಆ ಮನೆಯಲ್ಲಿದ್ದವರು ಇಬ್ಬರು. ಒಬ್ಬಳು ಶವಾಗಾರದಲ್ಲಿದ್ದಾಳೆ. ಇನ್ನೊಬ್ಬ ಠಾಣೆಯಲ್ಲಿ ಕುಳಿತು ಹೇಳಿದ್ದನ್ನು ನಾವು ದಪ್ಪಕ್ಷರದಲ್ಲಿ ಮೇಲೆ ಕೂರಿಸಿದ್ದೇವೆ. ‘ಜಗಳವಾಗುತ್ತಿತ್ತು’ ಎಂಬುದನ್ನೂ ನೋಡಿ, ಮಳೆಯಾಗುತ್ತಿತ್ತು ಎಂಬ ಹಾಗೆ. ಅವನು ಹೊಡೆಯುತ್ತಿದ್ದ ಎಂಬ ಮಾತು ಡೆಸ್ಕಿಗೆ ಬರುವಷ್ಟರಲ್ಲಿ ತನ್ನಷ್ಟಕ್ಕೆ ತಾನೇ ಆಗುವ ಜಗಳವಾಗಿರುತ್ತದೆ.

ಇದನ್ನು ಬೇರೆಯವರ ಮೇಲೆ ಹೊರಿಸಲು ಬರೆಯುತ್ತಿಲ್ಲ. ಇದೇ ಶೀರ್ಷಿಕೆಯನ್ನು ನಾನೇ ಎಷ್ಟು ಸಲ ಕೊಟ್ಟಿದ್ದೇನೋ. ತೊಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರು ಪುಟದಲ್ಲಿ ವಾರಕ್ಕೆರಡು ಬಾರಿಯಾದರೂ ‘ಸ್ಟವ್ ಸಿಡಿದು ಗೃಹಿಣಿ ಸಾವು’ ಇರುತ್ತಿತ್ತು. ರಾತ್ರಿ ಹತ್ತಕ್ಕೆ ಆಸ್ಪತ್ರೆಯ ಪೊಲೀಸ್ ಚೌಕಿಗೆ ಫೋನ್ ಮಾಡಿ ‘ಏನಾದರೂ ಇದೆಯೇ’ ಎಂದು ಕೇಳುವುದು, ಅವರು ಹೇಳುವುದು, ನಾವು ಬರೆದುಕೊಳ್ಳುವುದು. ಸುಟ್ಟವರೆಲ್ಲ ಹೆಚ್ಚುಕಡಿಮೆ ಹೊಸದಾಗಿ ಮದುವೆಯಾದವರು. ಅದೇ ಸ್ಟವ್‌ನಲ್ಲಿ ಬೆಳಿಗ್ಗೆ ಅತ್ತೆ ಕಾಫಿ ಕಾಯಿಸಿರುತ್ತಿದ್ದರು, ಆಗ ಅದು ಸಿಡಿಯುತ್ತಿರಲಿಲ್ಲ. ಮಹಿಳಾ ಹಕ್ಕುಗಳಿಗಾಗಿ ದುಡಿಯುವ ವಿಮೋಚನಾ ಸಂಘಟನೆಯವರು ಇಂಥ ಸಾವುಗಳನ್ನು ಒಂದೊಂದಾಗಿ ಬೆನ್ನುಹತ್ತಿ, ಇವು ಅಡುಗೆಮನೆಯ ಅಪಘಾತಗಳೇ ಎಂದು ಬೀದಿಗಿಳಿದು ಕೇಳುವವರೆಗೆ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊಳೆದಿತ್ತು, ಆದರೆ ಪುಟ ಮುಗಿಸುವ ಹೊತ್ತಾಗಿತ್ತು ಎಂದರೆ ಹೆಚ್ಚು ನಿಜ.

ಪತ್ರಿಕೆಯಲ್ಲಿ ದುಡಿಯುವವರು, ಓದುವವರು, ಸುದ್ದಿಯಾದ ಮನೆಯವರು ಯಾರೇ ಇರಲಿ, ನಿಮ್ಮ ಕಣ್ಣಿಗೆ ಚುಚ್ಚಿದ ಪದ ಯಾವುದು ಹೇಳಿ.

ತಾಲ್ಲೂಕು ವರದಿಗಾರ

ಮೇಡಂ, ನಮಸ್ಕಾರ. ಆ ಐದು ವಾಕ್ಯ ಬರೆಯುವವರ ಪೈಕಿ ನಾನೂ ಒಬ್ಬ. ಆ ಸುದ್ದಿ ನನ್ನದಲ್ಲ, ಆದರೆ ನನ್ನದಾಗಿರಬಹುದಿತ್ತು.

ಡೆಸ್ಕಿನಲ್ಲಿದ್ದವರಿಗೆ ನಮ್ಮ ಸಂಜೆ ಹೇಗಿರುತ್ತದೆ ಎಂದು ಗೊತ್ತಿರಲಿ. ನನಗೆ ಸಂಬಳವಿಲ್ಲ, ಸುದ್ದಿ ಲೆಕ್ಕದಲ್ಲಿ ದುಡ್ಡು. ಅದಕ್ಕಿಂತ ಹೆಚ್ಚು ಬರುವುದು ಜಾಹೀರಾತು ತಂದುಕೊಟ್ಟರೆ. ಏಳು ಗಂಟೆಗೆ ಠಾಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಟಿಪ್ಪಣಿ ಬೀಳುತ್ತದೆ. ‘ಶೀಲ ಶಂಕಿಸಿ’ ಎಂಬುದು ಅದರಲ್ಲೇ ಇರುತ್ತದೆ. ಎಂಟೂವರೆಗೆ ಸುದ್ದಿ ಕಳುಹಿಸದಿದ್ದರೆ ಪುಟ ಹೋಗುತ್ತದೆ. ಸತ್ತವಳ ತವರು ಮೂವತ್ತೆಂಟು ಕಿಲೋಮೀಟರ್ ದೂರ, ಪೆಟ್ರೋಲ್ ನನ್ನದು. ಅಲ್ಲಿಗೆ ಹೋಗಿ ಅವಳ ತಾಯಿಯನ್ನು ಮಾತನಾಡಿಸಿ ಬಂದರೂ ಸಿಗುವುದು ಅದೇ ಒಂದು ಕಾಲಂ.

‘ಎನ್ನಲಾಗಿದೆ’ ನಮ್ಮ ಹೆಲ್ಮೆಟ್. ನಾಳೆ ಬೆಳಿಗ್ಗೆ ಅವನ ಅಣ್ಣ ನನ್ನನ್ನು ಬಸ್ ನಿಲ್ದಾಣದಲ್ಲಿ ಹಿಡಿದು ‘ಯಾರು ಹೇಳಿದರು ನಿನಗೆ’ ಎಂದು ಕೇಳಿದರೆ ತೋರಿಸಲು ಏನಾದರೂ ಬೇಕಲ್ಲ. ಬೆಂಗಳೂರಿನ ವರದಿಗಾರ ಸುದ್ದಿ ಬರೆದು ತನ್ನ ಮನೆಗೆ ಹೋಗುತ್ತಾನೆ. ನಾನು ಸುದ್ದಿಯಾದವರ ಬೀದಿಯಲ್ಲೇ ಮನೆಗೆ ಹೋಗಬೇಕು.

ಕಪ್ಪುಕೋಟು

ಆ ಹೆಲ್ಮೆಟ್ ಬಡಿತ ತಡೆಯುವುದಿಲ್ಲ ಸರ್. ‘ಎನ್ನಲಾಗಿದೆ’ ಎಂದು ಸೇರಿಸಿದ ಮಾತ್ರಕ್ಕೆ ಮಾನಹಾನಿ ಪ್ರಕರಣದಿಂದ ಯಾರೂ ಪಾರಾಗಿಲ್ಲ.

ನಾನು ಹೇಳಬೇಕೆಂದದ್ದು ಬೇರೆ. ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ನ್ಯಾಯಾಲಯದಲ್ಲಿ ರುಜುವಾತು ಮಾಡುವಂತಿಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 25ನೇ ಸೆಕ್ಷನ್, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23. ಅಂದರೆ ನ್ಯಾಯಾಧೀಶರು ಬಾಗಿಲಲ್ಲೇ ತಡೆದು ನಿಲ್ಲಿಸುವ ಮಾತು ನಿಮ್ಮ ಪತ್ರಿಕೆಯಲ್ಲಿ ಶೀರ್ಷಿಕೆಯಾಗುತ್ತದೆ. ಅದೂ ಅರ್ಧ ಮಾತ್ರ. ‘ಕೊಂದೆ’ ಎಂಬುದಕ್ಕಿಂತ ‘ಅವಳು ಹೀಗಿದ್ದಳು, ಅದಕ್ಕೇ ಕೊಂದೆ’ ಎಂಬುದು ಮೇಲೆ ಬರುತ್ತದೆ.

ಅವನು ಹಾಗೆ ಹೇಳುವುದಕ್ಕೂ ಕಾರಣವಿದೆ. ಗಂಭೀರ ಮತ್ತು ಹಠಾತ್ ಪ್ರಚೋದನೆಯಿಂದ ಕೊಂದದ್ದು ಎಂದು ಸಾಬೀತಾದರೆ ಅದು ಕಾನೂನಿನ ಲೆಕ್ಕದಲ್ಲಿ ಕೊಲೆಯಾಗುವುದಿಲ್ಲ, ಕೊಲೆಯಲ್ಲದ ದಂಡನೀಯ ನರಹತ್ಯೆಯಾಗುತ್ತದೆ. ಶಿಕ್ಷೆ ಇಳಿಯುತ್ತದೆ. ಆದ್ದರಿಂದ ಹೆಂಡತಿಯ ಶೀಲದ ಮಾತು ಎತ್ತುವುದು ಆರೋಪಿಯ ಪರ ವಾದದ ಮೊದಲ ಮೆಟ್ಟಿಲು. ವಕೀಲರು ವಕಾಲತ್ತು ಹಾಕುವ ಮೊದಲೇ ಪತ್ರಿಕೆ ಆ ಮೆಟ್ಟಿಲು ಕಟ್ಟಿಕೊಟ್ಟಿರುತ್ತದೆ, ಅದೂ ಶುಲ್ಕವಿಲ್ಲದೆ.

ನೇರಮಾತು

ಪದಗಳನ್ನು ಹಿಡಿದುಕೊಂಡು ಯಾಕೆ ಇಷ್ಟು ಜಗ್ಗಾಟ? ಅಪರಾಧ ಮಾಡಿದವನನ್ನು ಗಲ್ಲಿಗೇರಿಸಿದರೆ ಶೀರ್ಷಿಕೆ ಏನಿದ್ದರೇನು? 2019ರಲ್ಲಿ ಹೈದರಾಬಾದಿನಲ್ಲಿ ಪಶುವೈದ್ಯೆಯನ್ನು ಸುಟ್ಟವರಿಗೆ ಒಂಬತ್ತೇ ದಿನದಲ್ಲಿ ಪೊಲೀಸರು ಗುಂಡಿಕ್ಕಿ ಬುದ್ಧಿ ಕಲಿಸಿದರು, ದೇಶವೇ ಚಪ್ಪಾಳೆ ತಟ್ಟಿತು. ಅದನ್ನು ತೋರಿಸಿದ್ದೂ ಇದೇ ಮಾಧ್ಯಮ. ಇನ್ನೊಂದು ಮಾತು, ಗಂಡಸರ ಮೇಲೆ ಹಾಕುವ ಸುಳ್ಳು ಪ್ರಕರಣಗಳ ಬಗ್ಗೆ ಇಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಆಪ್ತಮಾತು

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ನೊಂದ ಮಹಿಳೆಯರ ಸಾಂತ್ವನ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ನೇರಮಾತು ಅವರೇ, ಸುಳ್ಳು ಪ್ರಕರಣಗಳು ಇವೆ. ಕಂಡಿದ್ದೇನೆ. ಆದರೆ ನನ್ನ ಎದುರಿನ ಕುರ್ಚಿಯಲ್ಲಿ ಹೆಚ್ಚಾಗಿ ಕೂರುವುದು ಪ್ರಕರಣವೇ ಬೇಡ ಎನ್ನುವವರು. ‘ಕೇಸು ಬೇಡ ಮೇಡಂ, ಅವರಿಗೆ ಒಂದು ಮಾತು ಹೇಳಿ ಸಾಕು.’ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ 2019ರಿಂದ 21ರವರೆಗಿನದು, ಇದನ್ನೇ ಹೇಳುತ್ತದೆ. ಹಿಂಸೆ ಕಂಡ ಹೆಂಗಸರಲ್ಲಿ ಯಾರದಾದರೂ ನೆರವು ಕೇಳಿದವರು ಶೇ 14 ಮಾತ್ರ. ಶೇ 77 ಮಂದಿ ಯಾರಿಗೂ ಹೇಳಿಕೊಂಡೇ ಇಲ್ಲ. ಅದೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ 29.3 ಇದ್ದರೆ ನಮ್ಮ ಕರ್ನಾಟಕದಲ್ಲಿ ಶೇ 44.4. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇ 20.6 ಇತ್ತು. ಈ ವಿಷಯದಲ್ಲಿ ನಾವು ರಾಜ್ಯಗಳ ಪಟ್ಟಿಯ ತಲೆಯಲ್ಲಿದ್ದೇವೆ. ಯಾವ ವಾಹಿನಿಯಾದರೂ ಅದನ್ನು ಒಂದು ಸಂಜೆ ಚರ್ಚಿಸಿದ್ದು ನಿಮಗೆ ನೆನಪಿದೆಯೇ? ನನಗಿಲ್ಲ.

ಪದದಲ್ಲೇನಿದೆ ಎಂದು ಕೇಳಿದಿರಿ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಬಂದಿದ್ದಳು, ಇಪ್ಪತ್ತು ತುಂಬಿರಲಿಲ್ಲ. ಪಡಿತರ ಚೀಟಿಯ ಪ್ಲಾಸ್ಟಿಕ್ ಕವರಿನೊಳಗಿಂದ ಮಡಚಿದ ಒಂದು ಪತ್ರಿಕೆಯ ತುಣುಕು ತೆಗೆದು ಮೇಜಿನ ಮೇಲಿಟ್ಟು ಬೆರಳಿನಿಂದ ನೀವಿ ನೇರ ಮಾಡಿದಳು. ಮಡಿಕೆ ಬಿದ್ದಲ್ಲಿ ಅಕ್ಷರ ಹಾರಿಹೋಗಿತ್ತು. ಅವಳ ಅಕ್ಕನ ಸಾವಿನ ಸುದ್ದಿ. ‘ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ.’ ಆ ಹುಡುಗಿ ಅತ್ತದ್ದಿಲ್ಲ. ಕೇಳಿದ್ದು ಒಂದೇ: ‘ನಮ್ಮಕ್ಕನಿಗೆ ಹೊಟ್ಟೆನೋವು ಇರಲೇ ಇಲ್ಲ ಮೇಡಂ. ಇದನ್ನು ಬರೆದವರಿಗೆ ಹೇಳಿದವರು ಯಾರು?’ ಗಂಡನ ಮನೆಯವರು ಆ ತುಣುಕನ್ನೇ ಊರಿಗೆಲ್ಲ ತೋರಿಸಿಕೊಂಡು ಬಂದಿದ್ದರಂತೆ, ‘ನೋಡಿ, ಪೇಪರಿನಲ್ಲೇ ಬಂದಿದೆ’ ಎಂದು.

ಹೈದರಾಬಾದಿನ ವಿಷಯ. ಆ ನಾಲ್ವರ ಎನ್‌ಕೌಂಟರ್ ಕುರಿತು ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಿನಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಪೊಲೀಸರು ಹೇಳಿದ ಕಥೆ ನಂಬುವಂತಿಲ್ಲ ಎಂದಿತು. ಪೊಲೀಸರ ಮೇಲೆ ಹೂವು ಸುರಿದದ್ದನ್ನು ದಿನವಿಡೀ ತೋರಿಸಿದವರು ಈ ವರದಿಗೆ ಕೊಟ್ಟದ್ದು ಕೆಳಗೆ ಓಡುವ ಪಟ್ಟಿಯಲ್ಲಿ ಒಂದು ಸಾಲು.

ಕೃಷ್ಣೆಯ ದಡ

ಇಲ್ಲಿಯವರೆಗಿನ ಮಾತೆಲ್ಲ ಸುದ್ದಿಯಾದವರ ಬಗ್ಗೆ. ಸುದ್ದಿಯೇ ಆಗದವರ ಬಗ್ಗೆ ಎರಡು ಮಾತು ನನ್ನದು. ರಾಯಚೂರು ಕಡೆಯವನು, ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು.

2006ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ಒಂದು ದಲಿತ ಕುಟುಂಬದ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಊರಿನವರೇ ಕೊಂದರು. ಮೊದಲಿಗೆ ಸುದ್ದಿಯಾದದ್ದು ಹೇಗೆ ಗೊತ್ತೇ? ಅನೈತಿಕ ಸಂಬಂಧದ ಕಾರಣಕ್ಕೆ ನಡೆದ ಕೊಲೆ ಎಂದು. ನಾಗಪುರ, ಅಮರಾವತಿ ಕಡೆ ಜನ ಬೀದಿಗಿಳಿದ ಮೇಲೆ, ಅಂದರೆ ತಿಂಗಳು ಕಳೆದ ಮೇಲೆ, ದೇಶದ ದೊಡ್ಡ ಪತ್ರಿಕೆಗಳಿಗೆ ಅದು ಕಣ್ಣಿಗೆ ಬಿತ್ತು. ಮುಂದೆ ನ್ಯಾಯಾಲಯವೂ ಜಾತಿಯ ಕಾರಣವನ್ನು ಒಪ್ಪಲಿಲ್ಲ, ಸೇಡಿನ ಕೊಲೆ ಎಂದಿತು. ಕರಡಚ್ಚು ಮೇಡಂ ಹೇಳಿದ ‘ಶೀಲ’ ನಮ್ಮ ಕೇರಿಗೆ ಬರುವಾಗ ಜಾತಿಯನ್ನು ಮುಚ್ಚುವ ಹೊದಿಕೆಯಾಗಿ ಬರುತ್ತದೆ.

2012ರ ಡಿಸೆಂಬರ್ 16ರ ದೆಹಲಿಯ ಬಸ್ಸಿನ ಸಾಮೂಹಿಕ ಅತ್ಯಾಚಾರದ ಜೊತೆ ಇದನ್ನು ತೂಗಿ ನೋಡುವ ಮನಸ್ಸು ನನಗಿಲ್ಲ. ಆ ಹುಡುಗಿಯೂ ಬಡವರ ಮಗಳೇ. ಆ ಸಿಟ್ಟಿನಿಂದ ನ್ಯಾಯಮೂರ್ತಿ ವರ್ಮಾ ಸಮಿತಿ ಬಂತು, ಒಂದು ತಿಂಗಳೊಳಗೆ ವರದಿ ಬಂತು, 2013ರಲ್ಲಿ ಕಾನೂನೇ ಬದಲಾಯಿತು. ಒಳ್ಳೆಯದೇ ಆಯಿತು. ಆದರೆ ಆ ಮೇಣದಬತ್ತಿಗಳು ಇಂಡಿಯಾ ಗೇಟ್ ಬಿಟ್ಟು ಆಚೆಗೆ ಯಾಕೆ ನಡೆಯುವುದಿಲ್ಲ ಎಂದು ಕೇಳುತ್ತೇನೆ. 2020ರಲ್ಲಿ ಹಾಥರಸ್‌ನ ದಲಿತ ಯುವತಿಯ ಶವವನ್ನು ಮನೆಯವರನ್ನು ದೂರವಿಟ್ಟು ಪೊಲೀಸರು ಮಧ್ಯರಾತ್ರಿಯ ನಂತರ ಸುಟ್ಟರು. ದೂರದಲ್ಲಿ ಉರಿಯುತ್ತಿದ್ದ ಬೆಂಕಿ ಕ್ಯಾಮೆರಾಗೆ ಸಿಕ್ಕಿರದಿದ್ದರೆ ಅದೂ ಏಕಕಾಲಂ ಆಗುತ್ತಿತ್ತು. ಮಣಿಪುರದಲ್ಲಿ ಇಬ್ಬರು ಕುಕಿ ಹೆಂಗಸರನ್ನು ಬೆತ್ತಲೆ ಮಾಡಿ ಮೆರವಣಿಗೆ ಮಾಡಿದ್ದು 2023ರ ಮೇ 4ರಂದು. ದೇಶಕ್ಕೆ ಗೊತ್ತಾದದ್ದು ಜುಲೈ 19ಕ್ಕೆ, ವಿಡಿಯೊ ಹರಿದಾಡಿದಾಗ. ನಡುವಿನ ಎಪ್ಪತ್ತಾರು ದಿನ ದೂರು ಇತ್ತು, ಎಫ್‌ಐಆರ್ ಇತ್ತು, ಹೆಂಗಸರೂ ಇದ್ದರು. ಚಿತ್ರ ಇರಲಿಲ್ಲ, ಅಷ್ಟೇ.

ಇನ್ನು ಭಾಷೆ. ನೊಂದವಳು ದಲಿತಳಾದರೆ ಅವಳ ಜಾತಿ ಶೀರ್ಷಿಕೆಯಲ್ಲೇ ಇರುತ್ತದೆ. ಮಾಡಿದವರು? ‘ದುಷ್ಕರ್ಮಿಗಳು’. ಎಫ್‌ಐಆರ್‌ನಲ್ಲಿ ತಂದೆಯ ಹೆಸರಿನ ಸಮೇತ ಇರುವವರು ಪತ್ರಿಕೆಗೆ ಬರುವಾಗ ಎಲ್ಲಿಂದಲೋ ಬಂದ ದುಷ್ಕರ್ಮಿಗಳಾಗಿರುತ್ತಾರೆ. ಇನ್ನೊಂದು ಪದವಿದೆ, ‘ಅನ್ಯಕೋಮಿನ ಯುವಕ’. ಅದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಒಂದು ತಿಂಗಳು ಪತ್ರಿಕೆ ಇಟ್ಟುಕೊಂಡು ಎಣಿಸಿ ನೋಡಿ. ನನ್ನ ಹತ್ತನೇ ತರಗತಿಯ ಮಕ್ಕಳೇ ಅದರ ನಿಯಮ ಕಂಡುಹಿಡಿದರು.

ತಾಲ್ಲೂಕು ವರದಿಗಾರ

ಮೇಷ್ಟ್ರೇ, ಆರೋಪಿಯ ಜಾತಿ ಬರೆದರೆ ಊರಿಗೆ ಬೆಂಕಿ ಹತ್ತುತ್ತದೆ ಎಂದು ಡೆಸ್ಕಿನಿಂದಲೇ ತೆಗೆಯುತ್ತಾರೆ. ನಾನು ಬರೆದು ಕಳುಹಿಸಿದ್ದು ಮರುದಿನ ‘ಎರಡು ಗುಂಪುಗಳ ನಡುವೆ ಘರ್ಷಣೆ’ ಎಂದು ಬಂದಿದೆ. ಒಂದು ಗುಂಪಿನವರು ಆಸ್ಪತ್ರೆಯಲ್ಲಿದ್ದರು, ಇನ್ನೊಂದು ಗುಂಪಿನವರು ಟೀ ಅಂಗಡಿಯಲ್ಲಿದ್ದರು.

ಕೃಷ್ಣೆಯ ದಡ

ಬೆಂಕಿ ಹತ್ತುವ ಹೆದರಿಕೆ ನಿಜ. ಆದರೆ ಅಟ್ರಾಸಿಟಿ ಕಾಯ್ದೆಯಡಿ ಪ್ರಕರಣ ದಾಖಲಾಗುವುದೇ ಎರಡು ಕಡೆಯವರ ಜಾತಿ ಯಾವುದು ಎಂಬುದರ ಮೇಲೆ. ಅದನ್ನು ಬಿಟ್ಟು ಸುದ್ದಿ ಬರೆದರೆ ಓದುವವನಿಗೆ ಏನು ಅರ್ಥವಾಗಬೇಕು? ನಿಮ್ಮ ಮೇಲೆ ಸಿಟ್ಟಿಲ್ಲ. ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸೇರಿ 2019ರಲ್ಲಿ ಎಣಿಸಿದಾಗ ಸುದ್ದಿಮನೆಗಳ 121 ಮೇಲಿನ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿದ್ದವು. ದಲಿತರು, ಆದಿವಾಸಿಗಳು ಒಬ್ಬರೂ ಇರಲಿಲ್ಲ. ನಿಮ್ಮ ವಾಕ್ಯ ಕತ್ತರಿಸುವ ಕತ್ತರಿ ಯಾರ ಕೈಯಲ್ಲಿದೆ ಎಂದು ಹೇಳಿದೆ, ಅಷ್ಟೇ. ಹಾಗೆಂದು ದಾರಿಯೇ ಇಲ್ಲ ಎಂದಲ್ಲ. ಬುಂದೇಲಖಂಡದಲ್ಲಿ ‘ಖಬರ್ ಲಹರಿಯಾ’ವನ್ನು 2002ರಿಂದ ಹಳ್ಳಿಯ ಹೆಂಗಸರೇ, ದಲಿತ ಹೆಂಗಸರೇ ಮುಂದೆ ನಿಂತು ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ವರದಿಗಾರ್ತಿಗೆ ಕೇರಿಯ ದಾರಿ ಕೇಳಬೇಕಾಗಿಲ್ಲ.

ಹಾಸನದವಳು

ನಾನು ಹಾಸನದವಳು ಎಂದರೆ ಸಾಕು, ಹೊರಗಿನವರು ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. 2024ರ ಏಪ್ರಿಲ್ ಕೊನೆಯ ವಾರ, ಚುನಾವಣೆಯ ಹೊತ್ತು. ನಮ್ಮ ಆಗಿನ ಸಂಸದ ಪ್ರಜ್ವಲ್ ರೇವಣ್ಣ ಮೇಲಿನ ಆರೋಪಗಳ ಪೆನ್‌ಡ್ರೈವ್‌ಗಳು ಊರಿನಲ್ಲಿ ಕರಪತ್ರದಂತೆ ಬಿದ್ದಿದ್ದವು. ಹೆಂಗಸರ ಮುಖ ಮುಚ್ಚದ ವಿಡಿಯೊಗಳು. ಕ್ಯಾಮೆರಾ ಹಿಡಿದವನ ಮುಖ ಕ್ಯಾಮೆರಾದ ಹಿಂದೆ ಇರುತ್ತದಲ್ಲ, ಎದುರಿಗೆ ಕಾಣುವುದು ಹೆಂಗಸರೇ. ನಮ್ಮ ಬಸ್ಸಿನಲ್ಲಿ ಇಬ್ಬರು ಗಂಡಸರು ಒಂದೇ ಮೊಬೈಲಿಗೆ ತಲೆ ಕೊಟ್ಟು ಕುಳಿತು, ‘ಇವಳು ಆ ಕಡೆಯವಳಲ್ಲವೇ, ಸೀರೆ ನೋಡು’ ಎನ್ನುತ್ತಿದ್ದರು. ವಿಡಿಯೊ ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಸುವ ಹೊತ್ತಿಗೆ ಯಾರ ಮನೆಗೆ ಬೀಗ ಬಿದ್ದಿದೆ ಎಂಬುದು ಊರಿನ ಮಾತಾಗಿತ್ತು.

ಟಿವಿಯಲ್ಲಿ ಮೊದಲ ದಿನಗಳಲ್ಲಿ ಬಂದ ಪದ ‘ರಾಸಲೀಲೆ’. ಕೃಷ್ಣನ ಹೆಸರಿನಲ್ಲಿ ಬೆಣ್ಣೆ ಕದ್ದ ಹಾಗೆ! ಅತ್ಯಾಚಾರದ ದೂರು ದಾಖಲಾದ ಮೇಲೂ ‘ಅಶ್ಲೀಲ ವಿಡಿಯೊ ಪ್ರಕರಣ’, ‘ಪೆನ್‌ಡ್ರೈವ್ ಪ್ರಕರಣ’. ಅಶ್ಲೀಲ ಯಾವುದು, ವಿಡಿಯೊವೋ, ಅದರಲ್ಲಿ ನಡೆದದ್ದೋ? ಪೆನ್‌ಡ್ರೈವ್ ಏನು ತಪ್ಪು ಮಾಡಿತ್ತು? ಒಂದು ವರ್ಷದ ಮೇಲೆ, 2025ರ ಆಗಸ್ಟಿನಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅಪರಾಧಿ ಎಂದು ತೀರ್ಪು ಕೊಟ್ಟು ಜೀವಾವಧಿ ಶಿಕ್ಷೆ ವಿಧಿಸಿತು. ಆ ಪ್ರಕರಣದಲ್ಲಿ ದೂರು ಕೊಟ್ಟು, ಸಾಕ್ಷಿ ಹೇಳಿ, ಕೊನೆಯವರೆಗೂ ನಿಂತದ್ದು ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಂಗಸು. ಅಂದು ಟಿವಿಯಲ್ಲಿ ದಿನವಿಡೀ ಯಾರ ಕಣ್ಣೀರು ತೋರಿಸಿದರು ನೆನಪಿಸಿಕೊಳ್ಳಿ. ಅಪರಾಧಿಯದು. ‘ಗಳಗಳನೆ ಅತ್ತ’ ಎಂದು.

ಕಪ್ಪುಕೋಟು

ಗುರುತಿನ ಮಾತು ಬಂದದ್ದರಿಂದ ಹೇಳುತ್ತೇನೆ, ಇದು ಬಹಳ ಜನರಿಗೆ ಅರ್ಧ ಮಾತ್ರ ಗೊತ್ತು. ಅತ್ಯಾಚಾರದ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು 1983ರಿಂದಲೇ ಅಪರಾಧ, ಆಗ ಭಾರತೀಯ ದಂಡ ಸಂಹಿತೆಯ 228ಎ, ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಎರಡು ವರ್ಷದವರೆಗೆ ಜೈಲು. ಗುರುತು ಎಂದರೆ ಹೆಸರೊಂದೇ ಎಂದು ಎಲ್ಲರೂ ತಿಳಿದಿದ್ದರು. 2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು: ಎಷ್ಟೇ ದೂರದ ಸುಳಿವಾದರೂ ಗುರುತು ಸಿಗುವಂತಿದ್ದರೆ ಅದು ಬಹಿರಂಗಪಡಿಸಿದಂತೆಯೇ. ಸತ್ತವರಿಗೂ ಇದು ಅನ್ವಯ. ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಎಂಟು ವರ್ಷದ ಮಗುವಿನ ಹೆಸರು, ಫೋಟೊ ಹಾಕಿದ ಮಾಧ್ಯಮ ಸಂಸ್ಥೆಗಳಿಗೆ ಅದೇ ವರ್ಷ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಇಷ್ಟಾದರೂ 2024ರ ಆಗಸ್ಟಿನಲ್ಲಿ ಅತ್ಯಾಚಾರ, ಕೊಲೆಗೆ ಬಲಿಯಾದ ಕೋಲ್ಕತ್ತದ ವೈದ್ಯೆಯ ಹೆಸರು, ಫೋಟೊ ಎಲ್ಲೆಡೆ ಹರಿದಾಡಿ, ತೆಗೆಯಿರಿ ಎಂದು ಸುಪ್ರೀಂ ಕೋರ್ಟೇ ಮತ್ತೆ ಹೇಳಬೇಕಾಯಿತು.

ನಮ್ಮ ಪತ್ರಿಕೆಗಳಲ್ಲಿ ಕಾಣುವ ಮಾದರಿ ಇದು: ‘ಹೆಸರು ಬದಲಿಸಲಾಗಿದೆ’ ಎಂದು ಕಂಸದಲ್ಲಿ ಹಾಕಿ, ಊರು, ಕೇರಿ, ಓದುವ ಕಾಲೇಜು, ತಂದೆಯ ಕಸುಬು ಎಲ್ಲ ಬರೆಯುವುದು. ಮುನ್ನೂರು ಮನೆಯ ಊರಿನಲ್ಲಿ ‘ಹೂವಿನ ವ್ಯಾಪಾರಿಯ ಎರಡನೇ ಮಗಳು’ ಎಂದರೆ ಆಧಾರ್ ಸಂಖ್ಯೆ ಕೊಟ್ಟ ಹಾಗೆಯೇ.

ಒಳ್ಳೆಯದನ್ನೂ ಹೇಳಬೇಕು. 2023ರ ಡಿಸೆಂಬರಿನಲ್ಲಿ ಬೆಳಗಾವಿ ಬಳಿಯ ವಂಟಮುರಿಯಲ್ಲಿ, ಮಗ ಒಬ್ಬಳೊಂದಿಗೆ ಓಡಿಹೋದ ಎಂಬ ಕಾರಣಕ್ಕೆ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಪತ್ರಿಕಾ ವರದಿ ನೋಡಿಯೇ ನಮ್ಮ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ನಾಲ್ಕೇ ದಿನದಲ್ಲಿ ಅದೇ ಹೈಕೋರ್ಟ್ ಇನ್ನೊಂದು ಆದೇಶ ಹೊರಡಿಸಬೇಕಾಯಿತು: ವೈದ್ಯರ ಲಿಖಿತ ಅನುಮತಿಯಿಲ್ಲದೆ ಪಕ್ಷದವರು, ಮಾಧ್ಯಮದವರು ಆ ತಾಯಿಯನ್ನು ಆಸ್ಪತ್ರೆಯಲ್ಲಿ ಭೇಟಿಯಾಗುವಂತಿಲ್ಲ. ಸುದ್ದಿಯೇ ಆಕೆಯನ್ನು ನ್ಯಾಯಾಲಯದವರೆಗೆ ತಲುಪಿಸಿತು, ಸುದ್ದಿಯವರಿಂದಲೇ ಆಕೆಯನ್ನು ಕಾಪಾಡಬೇಕಾಯಿತು.

ನೇರಪ್ರಸಾರ

ಆ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವ ಕೆಲಸವನ್ನು ನಾನು ಬೇರೆ ಊರುಗಳಲ್ಲಿ ಮಾಡಿದ್ದೇನೆ. ಏಳು ವರ್ಷ ಸುದ್ದಿವಾಹಿನಿಯೊಂದರಲ್ಲಿದ್ದೆ, ಕೊನೆಯ ಮೂರು ವರ್ಷ ಗ್ರಾಫಿಕ್ಸ್ ವಿಭಾಗದಲ್ಲಿ. ಅಲ್ಲಿ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಇತ್ತು. ಗೋಡೆಯ ಮೂಲೆಯಲ್ಲಿ ಮೊಣಕಾಲಿಗೆ ತಲೆ ಕೊಟ್ಟು ಕುಳಿತ ಹುಡುಗಿಯ ನೆರಳು. ಬಾಯಿ ಮುಚ್ಚಿದ ಕೈ. ಕೆಂಪು ಹಿನ್ನೆಲೆಯಲ್ಲಿ ‘ಬೇಡ’ ಎನ್ನುವ ಅಂಗೈ. ಹರಿದ ದುಪಟ್ಟ. ಒಟ್ಟು ಹನ್ನೊಂದು ಚಿತ್ರ, ಯಾವ ಊರಿನ ಯಾವ ಪ್ರಕರಣವಾದರೂ ಅವೇ. ಹನ್ನೊಂದರಲ್ಲಿ ಒಂದರಲ್ಲೂ ಗಂಡಸಿಲ್ಲ. ಮುಚ್ಚಿದ ಕೈಯೊಂದು ಬಿಟ್ಟರೆ. ಮಾಡಿದವನು ಒಬ್ಬ ಮನುಷ್ಯ, ಅವನಿಗೆ ಮುಖ, ಕೆಲಸ, ಸ್ಕೂಟರು ಇವೆ ಎಂಬುದು ನಮ್ಮ ಚಿತ್ರಗಳಿಂದ ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನು ‘ಮರುಸೃಷ್ಟಿ’. ಕಚೇರಿಯಲ್ಲಿದ್ದ ಹುಡುಗಿಯರನ್ನೇ ಓಡಿಸಿ, ಕೆಳಗೆ ಬೀಳಿಸಿ ಚಿತ್ರೀಕರಿಸುತ್ತಿದ್ದೆವು. ಒಬ್ಬಳು ತರಬೇತಿಗೆ ಬಂದವಳು ಎರಡು ಸಲ ಓಡಿ ಮೂರನೇ ಸಲ ಓಡುವುದಿಲ್ಲ ಎಂದಳು. ಮರುದಿನದಿಂದ ಬರಲಿಲ್ಲ.

ಕ್ಯಾಮೆರಾ ಇದ್ದರೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಮಂಗಳೂರು ಎರಡು ಉತ್ತರ ಕೊಟ್ಟಿದೆ. 2009ರ ಜನವರಿಯಲ್ಲಿ ಪಬ್‌ನಲ್ಲಿ ಹುಡುಗಿಯರನ್ನು ಅಟ್ಟಿಸಿಕೊಂಡು ಹೊಡೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಸಾಕ್ಷ್ಯ ಸಾಲದು ಎಂದು. 2012ರ ಜುಲೈನಲ್ಲಿ ಹೋಮ್‌ಸ್ಟೇಯಲ್ಲಿ ಸೇರಿದ್ದ ಹುಡುಗ ಹುಡುಗಿಯರ ಮೇಲಿನ ದಾಳಿಯನ್ನು ವರದಿ ಮಾಡಿದ ಪತ್ರಕರ್ತ ನವೀನ್ ಸೂರಿಂಜೆ ಅವರನ್ನೇ ಆರೋಪಿ ಮಾಡಿ ತಿಂಗಳುಗಟ್ಟಲೆ ಜೈಲಿನಲ್ಲಿಟ್ಟರು. ಎಲ್ಲರೂ ನೋಡಿದ್ದು ಸಾಕ್ಷ್ಯವಾಗಲಿಲ್ಲ, ತೋರಿಸಿದವರು ಆರೋಪಿಯಾದರು.

ನೇರಮಾತು

ಸರಿ, ಕೆಲವು ಮಾತು ಒಪ್ಪುತ್ತೇನೆ. ಬಸ್ಸಿನಲ್ಲಿ ಮೊಬೈಲ್ ನೋಡಿದವರ ಬಗ್ಗೆ ಓದಿ ನನಗೂ ಕಸಿವಿಸಿಯಾಯಿತು. ಆ ವಿಡಿಯೊ ನನಗೂ ಬಂದಿತ್ತು, ಎಲ್ಲರಿಗೂ ಬಂದ ಹಾಗೆ. ಆದರೆ ‘ಕಾಮುಕ’, ‘ಮೃಗ’, ‘ರಾಕ್ಷಸ’ ಎಂದು ಬರೆದರೆ ಅದರಲ್ಲಾದರೂ ತಪ್ಪೇನು? ಅವರು ಅದೇ ತಾನೇ?

ಆಪ್ತಮಾತು

ರಾಕ್ಷಸ ಎಂದರೆ ನಮ್ಮ ಮನೆಯವನಲ್ಲ ಎಂಬ ಸಮಾಧಾನ ಓದುವವರಿಗೆ ಸಿಗುತ್ತದೆ, ಅದೇ ತಪ್ಪು. ರಾಷ್ಟ್ರೀಯ ಅಪರಾಧ ದಾಖಲೆ ಘಟಕದ 2022ರ ವರದಿ ತೆಗೆಯಿರಿ. ಮಹಿಳೆಯರ ವಿರುದ್ಧದ ಅಪರಾಧ 4,45,256. ಅವುಗಳಲ್ಲಿ ಅತಿ ಹೆಚ್ಚು, ಶೇ 31.4, ಗಂಡ ಮತ್ತು ಅವನ ಬಂಧುಗಳ ಕ್ರೌರ್ಯ. ಅತ್ಯಾಚಾರ ಪ್ರಕರಣಗಳಲ್ಲೂ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ. ಚಿಕ್ಕಪ್ಪ, ಪಕ್ಕದ ಮನೆಯವನು, ಮದುವೆಯಾಗುತ್ತೇನೆ ಎಂದವನು. ನನ್ನ ಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳು ಟಿವಿಯ ರಾಕ್ಷಸನನ್ನು ತಮ್ಮ ಗಂಡನ ಪಕ್ಕದಲ್ಲಿಟ್ಟು ನೋಡಿ, ‘ನಮ್ಮವರು ಅಷ್ಟೊಂದು ಕೆಟ್ಟವರಲ್ಲ ಬಿಡಿ’ ಎನ್ನುತ್ತಾರೆ. ಕೈ ಮುರಿದಿರುತ್ತದೆ.

ಕರಡಚ್ಚು

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ‘ಹೊಟ್ಟೆನೋವು ತಾಳಲಾರದೆ’ ಓದಿದ ರಾತ್ರಿ ನಿದ್ದೆ ಬರಲಿಲ್ಲ. ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಅದರ ತಂಗಿಯೂ ಒಬ್ಬಳಿದ್ದಾಳೆ.

ಪದ ಬದಲಿಸುವುದು ಆಗದ ಕೆಲಸವಲ್ಲ. ಇಂಗ್ಲಿಷಿನವರು ಇವತ್ತಿಗೂ ಗೌರವದ ಹೆಸರಿನಲ್ಲೇ ಕರೆಯುವ ಕೊಲೆಯನ್ನು ಕನ್ನಡ ಪತ್ರಿಕೆಗಳು ಮೊದಲು ‘ಮರ್ಯಾದಾ ಹತ್ಯೆ’ ಎಂದು ಬರೆದವು, ಆಮೇಲೆ ಯಾರೋ ಒಬ್ಬ ಪುಣ್ಯಾತ್ಮರು ‘ಮರ್ಯಾದೆಗೇಡು ಹತ್ಯೆ’ ಎಂದರು. ಎರಡು ಅಕ್ಷರದಲ್ಲಿ ಮರ್ಯಾದೆ ಕೊಂದವರ ತಲೆಯಿಂದ ಇಳಿಯಿತು. ಈಗ ಅದು ರೂಢಿಯ ಪದ, ಯಾರಿಗೂ ಓದಲು ಕಷ್ಟವಾಗಿಲ್ಲ. ಸುಪ್ರೀಂ ಕೋರ್ಟ್ ಕೂಡ 2023ರ ಆಗಸ್ಟಿನಲ್ಲಿ ನ್ಯಾಯಾಧೀಶರಿಗಾಗಿ ಬಿಡಬೇಕಾದ ಪದಗಳ ಕೈಪಿಡಿಯೊಂದನ್ನು ತಂದಿತು. ಬೇಕೂ ಇತ್ತು. 2020ರಲ್ಲಿ ನಮ್ಮ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಅತ್ಯಾಚಾರದ ನಂತರ ನಿದ್ದೆ ಹೋದದ್ದು ಭಾರತೀಯ ಹೆಣ್ಣಿಗೆ ತಕ್ಕ ನಡತೆಯಲ್ಲ ಎಂಬ ಅರ್ಥದ ಸಾಲಿತ್ತು. ಟೀಕೆ ಬಂದ ಮೇಲೆ ಅದನ್ನು ತೆಗೆದರು. ಪೀಠದಲ್ಲಿದ್ದವರಿಗೆ ಸಾಲು ತೆಗೆಯಲು ಸಾಧ್ಯವಾದರೆ ಡೆಸ್ಕಿನಲ್ಲಿದ್ದವರಿಗೆ ಏನು ಧಾಡಿ?

ಪತ್ರಿಕಾ ಮಂಡಳಿಗೆ ದೂರು ಕೊಡಿ ಎಂದು ಇಬ್ಬರು ಖಾಸಗಿಯಾಗಿ ಬರೆದಿದ್ದಾರೆ. ಕೊಡಿ. ಅದು ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ, ಟಿವಿ ಅದರ ವ್ಯಾಪ್ತಿಗೇ ಬರುವುದಿಲ್ಲ. ನನಗೆ ಅದಕ್ಕಿಂತ ಎಂಟೂವರೆಯ ಹೊತ್ತಿಗೆ ಮೇಜಿನ ಮುಂದೆ ಕುಳಿತಿರುವ ಹುಡುಗ ಅಥವಾ ಹುಡುಗಿಯ ಮೇಲೆ ನಂಬಿಕೆ ಹೆಚ್ಚು.

ತಾಲ್ಲೂಕು ವರದಿಗಾರ (ಎರಡು ವಾರದ ನಂತರ)

ಮೇಡಂ, ನಿನ್ನೆ ನನ್ನ ತಾಲ್ಲೂಕಿನಲ್ಲೇ ಒಂದು ಆಯಿತು. ಠಾಣೆಯ ಟಿಪ್ಪಣಿಯಲ್ಲಿ ಎಂದಿನಂತೆ ‘ಶೀಲ ಶಂಕಿಸಿ’ ಇತ್ತು. ತವರು ಹತ್ತಿರವೇ, ಹನ್ನೆರಡು ಕಿಲೋಮೀಟರ್. ಹೋದೆ. ತಾಯಿ ಮಾತನಾಡಲಿಲ್ಲ, ಅಣ್ಣ ಮಾತನಾಡಿದ. ಯುಗಾದಿಯಿಂದ ಮೂರು ಸಲ ಠಾಣೆಗೆ ಹೋಗಿದ್ದಳಂತೆ, ಮೂರು ಸಲವೂ ‘ಹೊಂದಿಕೊಂಡು ಹೋಗಮ್ಮ’ ಎಂದು ಕಳುಹಿಸಿದ್ದರಂತೆ. ಅದನ್ನು ಬರೆದೆ. ಠಾಣೆಯ ಅಧಿಕಾರಿಯನ್ನು ಕೇಳಿದೆ, ಪ್ರತಿಕ್ರಿಯೆ ನೀಡಲಿಲ್ಲ ಎಂದೂ ಬರೆದೆ. ‘ಶೀಲ’ ಎಲ್ಲಿಯೂ ಹಾಕಲಿಲ್ಲ. ‘ಎನ್ನಲಾಗಿದೆ’ಯನ್ನೂ ಹಾಕಲಿಲ್ಲ.

ಇವತ್ತು ಬೆಳಿಗ್ಗೆ ನೋಡಿದರೆ ಒಳಗಿನ ವಾಕ್ಯಗಳು ಹಾಗೆಯೇ ಬಂದಿವೆ, ಮೂರು ಸಲ ಠಾಣೆಗೆ ಹೋದದ್ದೂ ಇದೆ. ಮೇಲೆ ಶೀರ್ಷಿಕೆ ‘ಶೀಲ ಶಂಕಿಸಿ ಪತ್ನಿ ಕೊಲೆ’. ಡೆಸ್ಕಿಗೆ ಫೋನ್ ಮಾಡಿದೆ. ‘ಒಂದು ಕಾಲಂ ಅಣ್ಣಾ, ಬೇರೆ ಯಾವುದೂ ಕೂರುವುದಿಲ್ಲ’ ಎಂದ ಆ ಹುಡುಗ.

ಕರಡಚ್ಚು

ಕೂರುವುದಿಲ್ಲವೇ? ಅವನ ಶೀರ್ಷಿಕೆಯನ್ನು ಎಣಿಸಿ: ಶೀ-ಲ-ಶಂ-ಕಿ-ಸಿ-ಪ-ತ್ನಿ-ಕೊ-ಲೆ. ಒಂಬತ್ತು. ‘ಪತ್ನಿ ಕೊಂದ ಪತಿ’ ಎಂದು ಹಾಕಬೇಡಿ, ವಿಭಕ್ತಿ ಬಿಟ್ಟರೆ ಯಾರು ಯಾರನ್ನು ಕೊಂದರು ಎಂಬುದೇ ತಿರುಗುಮುರುಗಾಗುತ್ತದೆ. ‘ಪತ್ನಿಯ ಕೊಂದ ಪತಿ ಸೆರೆ’ ಎನ್ನಲಿ. ಅದೂ ಒಂಬತ್ತು.

ಕಪ್ಪುಕೋಟು

ಮೇಡಂ, ತೀರ್ಪು ಬರುವ ಮೊದಲು ‘ಕೊಂದ’ ಎನ್ನುವಂತಿಲ್ಲ.

ಕರಡಚ್ಚು

ಆಯಿತು, ವಕೀಲರ ಮಾತಿಗೆ ಬೆಲೆ ಕೊಡೋಣ. ‘ಪತ್ನಿ ಕೊಲೆ: ಪತಿ ಸೆರೆ’. ಎಂಟು. ಒಂದಕ್ಷರದ ಜಾಗ ಉಳಿಯಿತು ಎಂದು ಆ ಹುಡುಗನಿಗೆ ಹೇಳಿ.